ಭುಜದ ಬುಡದಲ್ಲಿ ತೋಳಮೂಳೆ ಮುರಿದರೆ: ಜೋಲಿ ಸಾಕೇ, ಪ್ಲೇಟ್ ಬೇಕೇ, ಕೀಲನ್ನೇ ಬದಲಿಸಬೇಕೇ?

ತಾಲ್ಲೂಕು ವೈದ್ಯ, ಪಾವಗಡ

ನಮ್ಮ ಕಡೆ ಈ ಕೇಸು ಬರುವ ರೀತಿ ಹೆಚ್ಚುಕಮ್ಮಿ ಒಂದೇ. ಅರವತ್ತು ದಾಟಿದ ಹೆಂಗಸು, ಬಚ್ಚಲಲ್ಲಿ ಜಾರಿಯೋ ಹಸು ಹಗ್ಗ ಎಳೆದೋ ಬಿದ್ದಿರುತ್ತಾರೆ. ಪೆಟ್ಟಾದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬರುತ್ತಾರೆ. ಎಕ್ಸರೇಯಲ್ಲಿ ತೋಳಮೂಳೆಯ ತಲೆಯ ಕೆಳಗೆ ಮುರಿತ, ವರದಿಯಲ್ಲಿ "ತ್ರೀ ಪಾರ್ಟ್ ಫ್ರ್ಯಾಕ್ಚರ್" ಅಂತ ಒಂದು ಸಾಲು. ಆ ಸಾಲು ಓದಿದ ಮೇಲೆ ಮನೆಯವರು ಎರಡು ಪಾಲಾಗುತ್ತಾರೆ. "ಮೂರು ಚೂರಾಗಿದೆ, ಆಪರೇಷನ್ನೇ ಆಗಬೇಕು" ಅನ್ನುವವರು ಒಂದು ಕಡೆ, "ಈ ವಯಸ್ಸಲ್ಲಿ ಕುಯ್ಯೋದು ಬೇಡ, ಕಟ್ಟು ಹಾಕಿಸೋಣ" ಅನ್ನುವವರು ಇನ್ನೊಂದು ಕಡೆ.

ತುಮಕೂರು ಇಲ್ಲಿಂದ ನೂರು ಕಿಲೋಮೀಟರ್ ಹತ್ತಿರ. ಎಲ್ಲರನ್ನೂ ಓಡಿಸುವುದು ಸರಿಯಲ್ಲ, ಯಾರನ್ನೂ ಕಳಿಸದೆ ಇಟ್ಟುಕೊಳ್ಳುವುದೂ ಸರಿಯಲ್ಲ. ಅದೇ ದಿನ ಹೋಗಬೇಕಾದವರು ಯಾರು, ವಾರದೊಳಗೆ ತಜ್ಞರು ನೋಡಬೇಕಾದವರು ಯಾರು, ಇಲ್ಲೇ ಜೋಲಿ ಹಾಕಿ ನೋಡಿಕೊಳ್ಳಬಹುದಾದವರು ಯಾರು? ದಯವಿಟ್ಟು ಅಂಕಿ, ಅಳತೆ, ದಿನಗಳ ಸಮೇತ ಹೇಳಿ.

ಮೂಳೆ ತಜ್ಞೆ, ತುಮಕೂರು

ಮೊದಲು "ಪಾರ್ಟ್" ಅನ್ನುವ ಮಾತನ್ನು ಬಿಡಿಸಿಕೊಳ್ಳೋಣ ಸರ್, ಅರ್ಧ ಗಾಬರಿ ಅಲ್ಲೇ ಇದೆ.

ತೋಳಮೂಳೆಯ ಮೇಲ್ತುದಿ ಮುರಿದರೆ ಸಾಮಾನ್ಯವಾಗಿ ಹೆಚ್ಚೆಂದರೆ ನಾಲ್ಕು ಮುಖ್ಯ ತುಂಡಾಗಿ ಬಿಡಿಸಿಕೊಳ್ಳುತ್ತದೆ: ಕೀಲಿನೊಳಗೆ ಕೂರುವ ಚೆಂಡಿನಂಥ ತಲೆ, ಹೊರಗಡೆಯ ದೊಡ್ಡ ಉಬ್ಬು, ಮುಂದಿನ ಸಣ್ಣ ಉಬ್ಬು, ಕೆಳಗಿನ ದಂಡ. 1934ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ಕಾಡ್‌ಮನ್ ಇದನ್ನು ಗುರುತಿಸಿದರು. 1970ರಲ್ಲಿ ನೀರ್ ಎಂಬ ಇನ್ನೊಬ್ಬ ಶಸ್ತ್ರಚಿಕಿತ್ಸಕರು ಅದರ ಮೇಲೆ ವರ್ಗೀಕರಣ ಕಟ್ಟಿದರು. ಆ ವರ್ಗೀಕರಣದಲ್ಲಿ ಬಿರುಕುಗಳನ್ನು ಎಣಿಸುವುದಿಲ್ಲ. ತುಂಡು ತನ್ನ ಜಾಗದಿಂದ 1 ಸೆಂ.ಮೀ.ಗಿಂತ ಹೆಚ್ಚು ಸರಿದಿರಬೇಕು, ಇಲ್ಲವೇ 45 ಡಿಗ್ರಿಗಿಂತ ಹೆಚ್ಚು ಓರೆಯಾಗಿರಬೇಕು. ಆಗ ಮಾತ್ರ ಅದು ಒಂದು "ಪಾರ್ಟ್". ಮೂರು ಕಡೆ ಗೆರೆ ಕಂಡರೂ ಯಾವ ತುಂಡೂ ಅಷ್ಟು ಸರಿಯದಿದ್ದರೆ ಅದು "ಒನ್ ಪಾರ್ಟ್", ಅಂದರೆ ಜೋಲಿಯಲ್ಲೇ ವಾಸಿಯಾಗುವ ಮುರಿತ. ವರದಿ ಬರೆಯುವಾಗ ಎಷ್ಟೋ ಸಲ ಗೆರೆ ಎಣಿಸಿ "ತ್ರೀ ಪಾರ್ಟ್" ಅಂತ ಬರೆದುಬಿಡುತ್ತಾರೆ. ಹಾಗಾಗಿ ಫಿಲ್ಮನ್ನು ನೀವೇ ಸ್ಕೇಲ್ ಇಟ್ಟು ಅಳೆಯಿರಿ.

ದೊಡ್ಡ ಉಬ್ಬಿಗೆ ಮಾತ್ರ ಈ 1 ಸೆಂ.ಮೀ. ಲೆಕ್ಕ ಹೊಂದುವುದಿಲ್ಲ. ಅದು 5 ಮಿ.ಮೀ. ಮೇಲಕ್ಕೆ ಅಥವಾ ಹಿಂದಕ್ಕೆ ಸರಿದರೂ ಕೈ ಎತ್ತುವಾಗ ಭುಜದ ಎಲುಬಿನ ಚಾವಣಿಗೆ ತಗಲುತ್ತದೆ, ಅದನ್ನು ಎಳೆಯುವ ಸ್ನಾಯು ದುರ್ಬಲವಾಗುತ್ತದೆ.

ಈ ಭಾಗದ ಮುರಿತಗಳಲ್ಲಿ ಬಹುಪಾಲು ಅಷ್ಟಾಗಿ ಸರಿಯದವು. ಅಂದರೆ ಬಾಗಿಲಲ್ಲಿ ನಿಂತವರಲ್ಲಿ ಹೆಚ್ಚಿನವರಿಗೆ ಆಪರೇಷನ್ ಪ್ರಶ್ನೆಯೇ ಏಳುವುದಿಲ್ಲ.

ಎಕ್ಸರೇ ತಂತ್ರಜ್ಞ, ಕೋಲಾರ

ಅಳೆಯಬೇಕಾದರೆ ಫಿಲ್ಮ್ ಸರಿಯಾಗಿರಬೇಕು. ಎದೆ ಎಕ್ಸರೇಯ ಹಾಗೆ ನೇರ ನಿಲ್ಲಿಸಿ ತೆಗೆದ ಒಂದೇ ಫಿಲ್ಮಿನಲ್ಲಿ ತೀರ್ಮಾನ ಮಾಡಬೇಡಿ. ಮೂರು ನೋಟ ಬೇಕು.

ಒಂದನೆಯದು ಭುಜದ ನಿಜವಾದ ಮುಂನೋಟ. ಭುಜದ ಹಲಗೆ ದೇಹಕ್ಕೆ ಓರೆಯಾಗಿ ಕೂತಿರುವುದರಿಂದ ರೋಗಿಯನ್ನು ಪೆಟ್ಟಾದ ಕಡೆಗೆ 30ರಿಂದ 45 ಡಿಗ್ರಿ ತಿರುಗಿಸಿ, ಹಲಗೆ ಕ್ಯಾಸೆಟ್‌ಗೆ ಚಪ್ಪಟೆಯಾಗಿ ಕೂರುವ ಹಾಗೆ ನಿಲ್ಲಿಸಬೇಕು. ಕೀಲಿನ ಸಂದಿ ತೆರೆದು ಕಂಡರೆ ಸರಿ ಬಂತು ಅಂತ ಅರ್ಥ. ತಲೆ ಮತ್ತು ಕೀಲಿನ ಬಟ್ಟಲು ಒಂದರ ಮೇಲೊಂದು ಬಿದ್ದಿದ್ದರೆ ಮತ್ತೆ ತೆಗೆಯಿರಿ. ಎರಡನೆಯದು ಹಲಗೆಯ ಪಕ್ಕನೋಟ, ವೈ ಅಕ್ಷರದ ಹಾಗೆ ಕಾಣುತ್ತದೆ. ಮೂರನೆಯದು ಕಂಕುಳ ನೋಟ. ನೋವು ಅಂತ ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ. ಕೀಲು ತಪ್ಪಿದೆಯೋ ಇಲ್ಲವೋ ಖಾತ್ರಿಯಾಗುವುದೂ ಇದರಲ್ಲೇ. ಕೈ ಎತ್ತಲು ಆಗದವರಿಗೆ ಜೋಲಿ ಬಿಚ್ಚುವುದೇ ಬೇಡ. ಟೇಬಲ್ಲಿಗೆ ಬೆನ್ನು ಕೊಟ್ಟು ನಿಲ್ಲಿಸಿ, ಸುಮಾರು 30 ಡಿಗ್ರಿ ಹಿಂದಕ್ಕೆ ಬಾಗಿಸಿ, ಕ್ಯಾಸೆಟ್ ಟೇಬಲ್ ಮೇಲಿಟ್ಟು ಮೇಲಿಂದ ಕೆಳಕ್ಕೆ ಕಿರಣ ಬಿಡಿ. ವೆಲ್ಪೋ ನೋಟ ಅಂತಾರೆ ಇದಕ್ಕೆ. ಹಿಂದಕ್ಕೆ ವಾಲುವಾಗ ಒಬ್ಬರು ಹಿಡಿದುಕೊಂಡಿರಬೇಕು, ವಯಸ್ಸಾದವರಿಗೆ ತಲೆ ತಿರುಗುತ್ತದೆ.

ಮೂರ್ಛೆರೋಗದ ಫಿಟ್ಸ್ ಬಂದವರು, ಪಂಪ್‌ಸೆಟ್ ಸ್ಟಾರ್ಟರಿನಲ್ಲಿ ಕರೆಂಟ್ ಹೊಡೆದವರು ಬಂದರೆ ಈ ಮೂರನೇ ನೋಟ ಬಿಡಲೇಬೇಡಿ. ಅವರಲ್ಲಿ ತಲೆ ಹಿಂದಕ್ಕೆ ತಪ್ಪಿರಬಹುದು. ಮುಂನೋಟದಲ್ಲಿ ಅದು ಬಲ್ಬಿನ ಹಾಗೆ ಉರುಟಾಗಿ ಕಾಣುತ್ತದೆ ಅಷ್ಟೇ, ಸರಿಯಾಗೇ ಇದೆ ಅನ್ನಿಸಿಬಿಡುತ್ತದೆ.

ತುರ್ತು ಚಿಕಿತ್ಸೆ ವೈದ್ಯ, ಚಿಕ್ಕಬಳ್ಳಾಪುರ

ಅದೇ ದಿನ ಹೋಗಬೇಕಾದವರ ಬಗ್ಗೆ ನಾನು ಹೇಳುತ್ತೇನೆ.

ಮುರಿದ ತುದಿ ಚರ್ಮ ಹರಿದು ಹೊರಬಂದಿದ್ದರೆ. ಮುರಿತದ ಜೊತೆ ಕೀಲೂ ತಪ್ಪಿದ್ದರೆ. ಕೈ ತಣ್ಣಗಾಗಿ ಬಿಳಿಚಿದ್ದರೆ, ಅಥವಾ ಕಂಕುಳಲ್ಲಿ ಊತ ನೋಡುನೋಡುತ್ತಾ ಬೆಳೆಯುತ್ತಿದ್ದರೆ. ತಲೆಯೇ ಎರಡು ಹೋಳಾಗಿದ್ದರೆ. ಇಷ್ಟು ಜನ ಜೋಲಿ ಹಾಕಿಕೊಂಡು ಅದೇ ದಿನ ಆಂಬುಲೆನ್ಸ್ ಹತ್ತಬೇಕು, 108 ಸಾಕು.

ರಕ್ತನಾಳದ ವಿಷಯದಲ್ಲಿ ಒಂದು ಎಚ್ಚರಿಕೆ. ಭುಜದ ಸುತ್ತ ಅಡ್ಡ ರಕ್ತನಾಳಗಳು ಬಹಳ. ಕಂಕುಳಿನ ಮುಖ್ಯ ನಾಳ ಜಜ್ಜಿಹೋಗಿದ್ದರೂ ಮಣಿಕಟ್ಟಿನ ನಾಡಿ ಸಿಗಬಹುದು. "ನಾಡಿ ಸಿಕ್ಕಿತು, ಸರಿ ಇದೆ" ಅಂತ ಬಿಡಬೇಡಿ. ಎರಡೂ ಕೈಯ ನಾಡಿ ಒಟ್ಟಿಗೆ ಹಿಡಿದು ಹೋಲಿಸಿ, ಎರಡೂ ತೋಳಿನ ಬಿಪಿ ನೋಡಿ, ಬೆರಳ ತುದಿ ಒತ್ತಿ ಬಿಟ್ಟರೆ ಎಷ್ಟು ಬೇಗ ಕೆಂಪೇರುತ್ತದೆ ನೋಡಿ. ಎಕ್ಸರೇಯಲ್ಲಿ ದಂಡದ ತುದಿ ಒಳಗಡೆಗೆ, ಕಂಕುಳ ಕಡೆಗೆ ಸರಿದಿದ್ದರೆ ಅನುಮಾನ ಇನ್ನೂ ಹೆಚ್ಚಿರಲಿ.

ನರದ ಪರೀಕ್ಷೆ. ಇಲ್ಲಿ ಹೆಚ್ಚು ಪೆಟ್ಟಾಗುವುದು ಆಕ್ಸಿಲರಿ ನರಕ್ಕೆ, ಅಂದರೆ ಭುಜವನ್ನು ಹೊದ್ದಿರುವ ಡೆಲ್ಟಾಯ್ಡ್ ಸ್ನಾಯುವನ್ನು ಆಡಿಸುವ ನರಕ್ಕೆ. ರಟ್ಟೆಯ ಹೊರಭಾಗದ ಚರ್ಮ ಮುಟ್ಟಿ ಸ್ಪರ್ಶ ನೋಡುವುದು ರೂಢಿ, ಆದರೆ ಸ್ಪರ್ಶ ಚೆನ್ನಾಗಿದ್ದೂ ನರ ಕೆಲಸ ನಿಲ್ಲಿಸಿರಬಹುದು. ನಿಮ್ಮ ಅಂಗೈಯನ್ನು ರೋಗಿಯ ಭುಜದ ಮೇಲಿಟ್ಟು, ಮೊಣಕೈಯನ್ನು ಹಿಂದಕ್ಕೆ ಮೆಲ್ಲಗೆ ಒತ್ತಲು ಹೇಳಿ. ಕೈ ಅಲುಗಬೇಕಾಗಿಲ್ಲ, ಡೆಲ್ಟಾಯ್ಡ್ ಸ್ನಾಯು ಗಟ್ಟಿಯಾಗುವುದು ಅಂಗೈಗೆ ತಿಳಿಯುತ್ತದೆ. ಹೆಬ್ಬೆರಳು ಎತ್ತುವುದು, ಬೆರಳು ಅಗಲಿಸುವುದು, ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡುವುದು, ಇವನ್ನೂ ನೋಡಿ ಚೀಟಿಯಲ್ಲಿ ಸಮಯ ಹಾಕಿ ಬರೆಯಿರಿ. ನರ ಮಂಕಾಗಿದೆ ಅನ್ನುವುದೊಂದೇ ಆಪರೇಷನ್‌ಗೆ ಕಾರಣವಲ್ಲ. ಹೆಚ್ಚಿನವು ಎಳೆತದ ಪೆಟ್ಟು, ತಿಂಗಳುಗಳಲ್ಲಿ ತಾವಾಗೇ ಚೇತರಿಸಿಕೊಳ್ಳುತ್ತವೆ. ಆದರೆ ಮೊದಲ ದಿನ ಬರೆದಿಡದಿದ್ದರೆ ನರಕ್ಕೆ ಪೆಟ್ಟು ಬಿದ್ದಾಗ ಆಯಿತೋ ಚಿಕಿತ್ಸೆಯಲ್ಲಿ ಆಯಿತೋ ಆಮೇಲೆ ಯಾರಿಗೂ ಹೇಳಲಾಗದು.

ಇನ್ನೊಂದು: ಮುರಿದು ತಪ್ಪಿದ ಕೀಲನ್ನು ತಾಲ್ಲೂಕಿನಲ್ಲೇ ಎಳೆದು ಕೂರಿಸಲು ಹೋಗಬೇಡಿ. ತೋಳಮೂಳೆಯ ಕುತ್ತಿಗೆಯಲ್ಲಿ, ಅಂದರೆ ತಲೆಯ ಕೆಳಗಿನ ಭಾಗದಲ್ಲಿ, ಕಾಣದ ಬಿರುಕಿದ್ದರೆ ಎಳೆದಾಗ ದಂಡ ಮಾತ್ರ ಬರುತ್ತದೆ, ತಲೆ ಅಲ್ಲೇ ಉಳಿಯುತ್ತದೆ. ಅರಿವಳಿಕೆ ಕೊಟ್ಟು, ಸಿ-ಆರ್ಮ್ (ಕೆಲಸ ನಡೆಯುವಾಗಲೇ ತೋರಿಸುವ ಎಕ್ಸರೇ ಯಂತ್ರ) ಕೆಳಗೆ ಆಗಬೇಕಾದ ಕೆಲಸ ಅದು.

ತಾಲ್ಲೂಕು ವೈದ್ಯ, ಪಾವಗಡ

ತುಂಬಾ ಉಪಕಾರ. ಇವರನ್ನು ಬಿಟ್ಟ ಮೇಲೆ ನಡುವಿನ ಗುಂಪು ಉಳಿಯುತ್ತದೆ. ಸರಿದಿದೆ, ಆದರೆ ತುರ್ತಲ್ಲ. ತಲೆನೋವೆಲ್ಲ ಅಲ್ಲೇ. ನಿಮ್ಮ ತೀರ್ಮಾನ ಯಾವುದರ ಮೇಲೆ ನಿಲ್ಲುತ್ತದೆ ಮೇಡಂ?

ಮೂಳೆ ತಜ್ಞೆ, ತುಮಕೂರು

ಫಿಲ್ಮ್ ಒಂದರ ಮೇಲೇ ನಿಲ್ಲುವುದಿಲ್ಲ. ಒಂದೇ ಫಿಲ್ಮು ಐವತ್ತರ ಬಡಗಿಯದ್ದಾದರೆ ಒಂದು ಉತ್ತರ, ಎಂಬತ್ತರ ಅಜ್ಜಿಯದ್ದಾದರೆ ಬೇರೆ ಉತ್ತರ.

ಫಿಲ್ಮಿನಲ್ಲಿ ನೋಡುವುದು ಇಷ್ಟು. ತಲೆಗೂ ದಂಡಕ್ಕೂ ನಡುವಿನ ಕೋನ ಸಹಜವಾಗಿ 135 ಡಿಗ್ರಿ ಆಸುಪಾಸು. ಅದು 120ಕ್ಕಿಂತ ಇಳಿದು ತಲೆ ಒಳಕ್ಕೆ ಬಾಗಿದ್ದರೆ ಚಿಂತೆ. ಮೇಲ್ಮುಖವಾಗಿ ಬಾಗಿ ದಂಡದ ಮೇಲೆ ಕಚ್ಚಿಕೊಂಡು ಕೂತಿದ್ದರೆ ಅದು ಮೇಲ್ನೋಟಕ್ಕೆ ಕೆಟ್ಟದಾಗಿ ಕಂಡರೂ ಸ್ವಭಾವದಲ್ಲಿ ಒಳ್ಳೆಯದು. ಒಳಗಡೆಯ ಪೊರೆ ಹರಿದಿರುವುದಿಲ್ಲ, ತಲೆಗೆ ರಕ್ತ ಹೋಗುತ್ತಿರುತ್ತದೆ. ಹರ್ಟೆಲ್ ಅವರು 2004ರಲ್ಲಿ ಹೇಳಿದ ಎರಡು ಅಳತೆ ಇಲ್ಲಿ ಕೆಲಸಕ್ಕೆ ಬರುತ್ತವೆ: ತಲೆಯ ತುಂಡಿನ ಜೊತೆ ಒಳಬದಿಯಲ್ಲಿ ಕನಿಷ್ಠ 8 ಮಿ.ಮೀ. ಮೂಳೆ ಅಂಟಿಕೊಂಡಿದೆಯೇ, ಒಳಬದಿಯಲ್ಲಿ ತಲೆಯೂ ದಂಡವೂ ಸೇರುವ ಅಂಚು 2 ಮಿ.ಮೀ.ಗಿಂತ ಹೆಚ್ಚು ಸರಿದಿದೆಯೇ. 8ಕ್ಕಿಂತ ಕಡಿಮೆ ಅಂಟಿದ್ದು, 2ಕ್ಕಿಂತ ಹೆಚ್ಚು ಸರಿದು, ಮುರಿತ ತಲೆಯ ಅಂಚಿನಲ್ಲೇ ಹಾದುಹೋಗಿದ್ದರೆ ತಲೆಗೆ ರಕ್ತ ನಿಂತಿರುವ ಸಾಧ್ಯತೆ ಬಹಳ. ಹಾಗಂತ ರಕ್ತ ನಿಂತ ತಲೆಯೆಲ್ಲ ಸತ್ತುಹೋಗುತ್ತದೆ ಅಂತಲೂ ಅಲ್ಲ, ಕೆಲವು ಮತ್ತೆ ಚಿಗುರುತ್ತವೆ ಅಂತ ಅದೇ ತಂಡ ಆಮೇಲೆ ತೋರಿಸಿತು. ಕೊನೆಗೆ, ತಲೆಗೂ ದಂಡಕ್ಕೂ ಎಲ್ಲಾದರೂ ತಾಕಿದೆಯೇ? ಒಂದಕ್ಕೊಂದು ಮುಟ್ಟದೆ ದೂರ ನಿಂತಿದ್ದರೆ ಕೂಡುವುದು ಕಷ್ಟ.

ಫಿಲ್ಮಿನ ಹೊರಗೆ ನೋಡುವುದು ಇನ್ನೂ ಮುಖ್ಯ. ವಯಸ್ಸು, ಮೂಳೆಯ ಗಟ್ಟಿತನ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಮರೆವಿನ ಕಾಯಿಲೆ. ಮತ್ತೆ ಆ ಕೈ ದಿನವೂ ಮಾಡಬೇಕಾದ ಕೆಲಸ. ಹಾಲು ಕರೆಯುವುದು, ಮುದ್ದೆ ತಿರುವುವುದು, ಸೀರೆ ಉಡುವುದು ಎಲ್ಲ ಭುಜದ ಮಟ್ಟದ ಕೆಳಗಿನ ಕೆಲಸ. ಕೈ 100 ಡಿಗ್ರಿವರೆಗೆ ಎದ್ದರೆ ಇವೆಲ್ಲ ನಡೆಯುತ್ತವೆ. ರೇಷ್ಮೆ ಹುಳು ಮನೆಯಲ್ಲಿ ಮೇಲಿನ ಅಂತಸ್ತಿಗೆ ತಟ್ಟೆ ಏರಿಸುವವರಿಗೆ, ದೋಟಿ ಹಿಡಿದು ಕಾಯಿ ಕೀಳುವವರಿಗೆ, ಗಾರೆ ಕೆಲಸದವರಿಗೆ, ಟೊಮೆಟೊ ಕ್ರೇಟ್ ಲಾರಿಗೆ ಎತ್ತಿಕೊಡುವವರಿಗೆ ಅದು ಸಾಲದು.

ಪುರಾವೆ ಏನು ಹೇಳುತ್ತದೆ? ಬ್ರಿಟನ್ನಿನ ಪ್ರಾಫರ್ ಅಧ್ಯಯನ 2015ರಲ್ಲಿ ಬಂತು. ತೋಳಮೂಳೆಯ ಕುತ್ತಿಗೆಯಲ್ಲಿ ಮುರಿದು ಸರಿದ 250 ಜನ, ಸರಾಸರಿ ವಯಸ್ಸು 66. ಅರ್ಧ ಜನಕ್ಕೆ ಆಪರೇಷನ್, ಅರ್ಧಕ್ಕೆ ಜೋಲಿ. ಎರಡು ವರ್ಷ ಆದ ಮೇಲೆ ಕೈಯ ಕೆಲಸದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಐದು ವರ್ಷಕ್ಕೂ ಅಷ್ಟೇ. 60 ದಾಟಿದವರ ಟೂ ಪಾರ್ಟ್ ಮುರಿತಕ್ಕೆ ಪ್ಲೇಟ್ ಹಾಕಿ ನೋಡಿದ ಉತ್ತರ ಯುರೋಪಿನ 2019ರ ಅಧ್ಯಯನವೂ ಅದನ್ನೇ ಹೇಳಿತು. ಹೀಗಾಗಿ ವಯಸ್ಸಾದವರ ಸಾಮಾನ್ಯ ಕುತ್ತಿಗೆ ಮುರಿತಕ್ಕೆ ಮೊದಲ ಉತ್ತರ ಜೋಲಿ ಮತ್ತು ವ್ಯಾಯಾಮ. ಆಪರೇಷನ್ ಬೇಕು ಅನ್ನುವವರು ಕಾರಣ ಕೊಡಬೇಕು.

ಭುಜದ ಶಸ್ತ್ರಚಿಕಿತ್ಸಕ, ಚಿಕ್ಕಬಳ್ಳಾಪುರ

ಮೇಡಂ ಮಾತು ಒಪ್ಪುತ್ತೇನೆ, ಆದರೆ ಪ್ರಾಫರ್ ಹೆಸರು ಹೇಳಿ ಎಲ್ಲರಿಗೂ ಜೋಲಿ ಹಾಕುವುದು ಈಗ ಇನ್ನೊಂದು ತಪ್ಪಾಗುತ್ತಿದೆ. ಆ ಅಧ್ಯಯನದಲ್ಲಿ ಕೀಲು ತಪ್ಪಿದ ಮುರಿತ ಇರಲಿಲ್ಲ. ಆಪರೇಷನ್ ಆಗಲೇಬೇಕು ಅಂತ ಸರ್ಜನ್‌ಗೆ ಸ್ಪಷ್ಟವಾಗಿದ್ದವರನ್ನೂ ಸೇರಿಸಿಕೊಂಡಿರಲಿಲ್ಲ. ಅಂಥವರಿಗೆ ಅದರ ಫಲಿತಾಂಶ ಅನ್ವಯಿಸುವುದಿಲ್ಲ. ಐವತ್ತರ ಒಳಗಿನವರು, ಬೈಕಿಂದ ಬಿದ್ದು ಗಟ್ಟಿ ಮೂಳೆ ಮುರಿದುಕೊಂಡವರು, ದುಡಿಯುವವರ ದೊಡ್ಡ ಉಬ್ಬು 5 ಮಿ.ಮೀ. ಮೇಲೇರಿದ್ದು, ತಲೆ ಮತ್ತು ದಂಡ ಒಂದಕ್ಕೊಂದು ಮುಟ್ಟದಿರುವುದು, ಇವರ ಮಾತೇ ಬೇರೆ.

ಪ್ಲೇಟ್ ಹಾಕುವುದಾದರೆ ಎಲ್ಲಿ ಕೆಡುತ್ತದೆ ಅನ್ನುವುದನ್ನು ಕಳಿಸುವವರೂ ತಿಳಿದಿರಬೇಕು, ಮನೆಯವರಿಗೆ ಹೇಳಲು ಬೇಕಾಗುತ್ತದೆ. ಲಾಕಿಂಗ್ ಪ್ಲೇಟನ್ನು (ಸ್ಕ್ರೂ ತಲೆ ಪ್ಲೇಟಿಗೇ ಬಿಗಿಯುವಂಥದ್ದು) ದೊಡ್ಡ ಉಬ್ಬಿನ ತುದಿಗಿಂತ 5ರಿಂದ 8 ಮಿ.ಮೀ. ಕೆಳಗೆ, ಸ್ನಾಯುರಜ್ಜು ಹಾಯುವ ಕಾಲುವೆಯಿಂದ 2ರಿಂದ 4 ಮಿ.ಮೀ. ಹೊರಗೆ ಕೂರಿಸಬೇಕು. ಮೇಲೆ ಕೂತರೆ ಕೈ ಎತ್ತಿದಾಗಲೆಲ್ಲ ಪ್ಲೇಟೇ ಚಾವಣಿಗೆ ಹೊಡೆಯುತ್ತದೆ. ಸ್ಕ್ರೂ ತುದಿ ತಲೆಯ ಮೇಲ್ಮೈಗೆ 5 ಮಿ.ಮೀ. ಮೊದಲೇ ನಿಲ್ಲಬೇಕು. ಮೂಳೆ ಸವೆದವರಲ್ಲಿ ತಲೆ ಸ್ವಲ್ಪ ಕುಸಿದರೂ ಸ್ಕ್ರೂ ಕೀಲಿನೊಳಗೆ ಚುಚ್ಚಿಕೊಂಡು ಬಟ್ಟಲನ್ನು ಕೆರೆದುಹಾಕುತ್ತದೆ. ಎರಡನೇ ಆಪರೇಷನ್‌ಗೆ ದೊಡ್ಡ ಕಾರಣ ಇದೇ. ಅದನ್ನು ತಡೆಯಲು ತಲೆಯ ಒಳ ಕೆಳಭಾಗಕ್ಕೆ ಎರಡು ಆಸರೆ ಸ್ಕ್ರೂ ಹೋಗಲೇಬೇಕು. ಉಬ್ಬುಗಳನ್ನು ಸ್ಕ್ರೂ ಹಿಡಿಯುವುದಿಲ್ಲ, ಸ್ನಾಯುರಜ್ಜಿಗೆ ದಪ್ಪ ದಾರ ಹಾಕಿ ಪ್ಲೇಟಿನ ರಂಧ್ರಕ್ಕೆ ಕಟ್ಟಬೇಕು. ಒಳಬದಿಯ ಮೂಳೆ ಪುಡಿಯಾಗಿದ್ದರೆ ಕಾಲಿನ ಸಣ್ಣ ಮೂಳೆಯ (ಫಿಬುಲಾ) ತುಂಡನ್ನು ಒಳಗೆ ಊರುಗೋಲಿನಂತೆ ಇಡಬೇಕಾಗುತ್ತದೆ. ಡೆಲ್ಟಾಯ್ಡ್ ಸೀಳಿ ಒಳಹೋಗುವ ದಾರಿಯಲ್ಲಿ ಭುಜದ ತುದಿಯಿಂದ 5ರಿಂದ 7 ಸೆಂ.ಮೀ. ಕೆಳಗೆ ಆಕ್ಸಿಲರಿ ನರ ಅಡ್ಡ ಹಾಯುತ್ತದೆ, ಅದನ್ನು ಬೆರಳಲ್ಲಿ ಮುಟ್ಟಿ ಗುರುತಿಸಿಕೊಳ್ಳದೆ ಪ್ಲೇಟ್ ಜಾರಿಸಬಾರದು.

ಎಪ್ಪತ್ತರ ಆಚೆಯವರ ತ್ರೀ ಮತ್ತು ಫೋರ್ ಪಾರ್ಟ್‌ಗೆ ಆಪರೇಷನ್ನೇ ಮಾಡುವುದಾದರೆ ನನ್ನ ಆಯ್ಕೆ ಪ್ಲೇಟಲ್ಲ, ರಿವರ್ಸ್ ಭುಜ ಕೀಲು. ಚೆಂಡನ್ನು ಬಟ್ಟಲಿನ ಕಡೆ, ಬಟ್ಟಲನ್ನು ತೋಳಿನ ಕಡೆ ಕೂರಿಸುವ ವಿಧಾನ. ಹರಿದ ಸಣ್ಣ ಸ್ನಾಯುಗಳ ಬದಲು ಡೆಲ್ಟಾಯ್ಡ್ ಒಂದೇ ಕೈ ಎತ್ತುತ್ತದೆ. ನಾರ್ವೆಯ 2020ರ ಅಧ್ಯಯನದಲ್ಲಿ 65ರಿಂದ 85 ವಯಸ್ಸಿನ 124 ಜನರಲ್ಲಿ ಎರಡು ವರ್ಷಕ್ಕೆ ರಿವರ್ಸ್ ಹಾಕಿಸಿಕೊಂಡವರ ಕಾನ್‌ಸ್ಟಂಟ್ ಅಂಕ (ಭುಜದ ನೋವು, ಕೆಲಸ ನೋಡಿ ನೂರಕ್ಕೆ ಕೊಡುವುದು) 68, ಪ್ಲೇಟ್‌ನವರದ್ದು 54.6. ಆದರೆ ಷರತ್ತು ಒಂದಿದೆ: ಆಕ್ಸಿಲರಿ ನರ ಕೆಲಸ ಮಾಡುತ್ತಿರಬೇಕು. ಡೆಲ್ಟಾಯ್ಡ್ ಸತ್ತಿದ್ದರೆ ಆ ಕೀಲು ಕೈ ಎತ್ತುವುದಿಲ್ಲ, ತಪ್ಪಿಯೂ ಹೋಗುತ್ತದೆ.

ಮೂಳೆ ತಜ್ಞೆ, ತುಮಕೂರು

ಸರ್, ಆ ನಾರ್ವೆ ಅಧ್ಯಯನ ಎರಡು ಆಪರೇಷನ್‌ಗಳನ್ನು ಹೋಲಿಸಿತು, ಜೋಲಿಯ ಜೊತೆ ಹೋಲಿಸಲಿಲ್ಲ. 80 ದಾಟಿದವರಲ್ಲಿ ರಿವರ್ಸ್ ಮತ್ತು ಜೋಲಿ ಹೋಲಿಸಿದಾಗ ಸಿಕ್ಕ ಲಾಭ ತೀರಾ ಸಣ್ಣದು. ಹಾಗಾಗಿ ಎಂಬತ್ತರ ಅಜ್ಜಿಗೆ, ಮನೆಯೊಳಗೆ ಓಡಾಡಿಕೊಂಡಿರುವವರಿಗೆ, ಫೋರ್ ಪಾರ್ಟ್ ಇದ್ದರೂ ನಾನು ಮೊದಲು ಜೋಲಿಯನ್ನೇ ಹೇಳುತ್ತೇನೆ. ನೋವು ಉಳಿದರೆ ರಿವರ್ಸ್ ಆಮೇಲೂ ಹಾಕಬಹುದು, ಸ್ವಲ್ಪ ಕಷ್ಟವಾದರೂ ಆ ದಾರಿ ಮುಚ್ಚಿರುವುದಿಲ್ಲ. ಪ್ಲೇಟ್ ಹಾಕಿ ಕೆಟ್ಟ ಮೇಲೆ ಹಾಕುವುದು ಅದಕ್ಕಿಂತ ಕಷ್ಟ.

ಭುಜದ ಶಸ್ತ್ರಚಿಕಿತ್ಸಕ, ಚಿಕ್ಕಬಳ್ಳಾಪುರ

ಎಂಬತ್ತರ ವಿಷಯದಲ್ಲಿ ಜಗಳವಿಲ್ಲ ಮೇಡಂ. ನನ್ನ ಆತಂಕ 65ರಿಂದ 75ರ ನಡುವೆ ಇರುವ, ಇನ್ನೂ ತೋಟದಲ್ಲಿ ದುಡಿಯುವವರ ಬಗ್ಗೆ. ಅವರು ಜೋಲಿ ಹಾಕಿಕೊಂಡು ಆರು ವಾರ ಕಳೆದು ಬಂದರೆ ಪ್ಲೇಟಿನ ಅವಕಾಶ ಹೋಗಿರುತ್ತದೆ. ಮೂರು ವಾರ ದಾಟಿದರೆ ಹೊಸ ಮೂಳೆ ಕಟ್ಟಿಕೊಂಡು ತುಂಡುಗಳನ್ನು ಬಿಡಿಸುವುದೇ ಕಷ್ಟ, ಉಬ್ಬುಗಳು ಹಿಂದಕ್ಕೆ ಎಳೆದುಕೊಂಡಿರುತ್ತವೆ. ಆದ್ದರಿಂದ ಪಾವಗಡದವರಿಗೆ ನನ್ನ ಉತ್ತರ: ಸರಿದ ಮುರಿತ ಯಾವುದೇ ಇರಲಿ, 7 ದಿನದೊಳಗೆ ತಜ್ಞರ ಕಣ್ಣಿಗೆ ಬೀಳಲಿ. ಫಿಲ್ಮಿನ ಫೋಟೋ ಮೊದಲೇ ಕಳಿಸಿದರೂ ಆದೀತು. ಆಪರೇಷನ್ ಆಗುವುದಾದರೆ ಎರಡು ವಾರದೊಳಗೆ ಮುಗಿಯಬೇಕು. ಉಬ್ಬಿನ ತುಂಡುಗಳು ಎಕ್ಸರೇಯಲ್ಲಿ ಗೊಂದಲ ಮಾಡಿದರೆ ಸಿ.ಟಿ. ತೆಗೆಸಿ, ಎಲ್ಲರಿಗೂ ಬೇಡ.

ಅರಿವಳಿಕೆ ತಜ್ಞೆ, ಕೋಲಾರ

ಈ ಆಪರೇಷನ್‌ಗೆ ಕುತ್ತಿಗೆಯ ಬದಿಯಲ್ಲಿ ಕೊಡುವ ಬ್ಲಾಕ್ ನೋವಿಗೆ ಬಹಳ ಒಳ್ಳೆಯದು. ಆದರೆ 20 ಮಿ.ಲೀ. ಔಷಧಿಯ ರೂಢಿಯ ಬ್ಲಾಕ್‌ನಲ್ಲಿ ಆ ಕಡೆಯ ವಪೆ (ಉಸಿರಾಟದ ಮುಖ್ಯ ಸ್ನಾಯು) ಕೆಲವು ಗಂಟೆ ಕೆಲಸ ನಿಲ್ಲಿಸುವುದು ಹೆಚ್ಚುಕಡಿಮೆ ಖಚಿತ. ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದು ದಮ್ಮು ಇರುವ ಹೆಂಗಸರಿಗೆ ಇದು ಅಪಾಯ. ಕಳಿಸುವಾಗ "ದಮ್ಮು ಇದೆ, ಇನ್‌ಹೇಲರ್ ತಗೊಳ್ತಾರೆ" ಅಂತ ಬರೆದಿದ್ದರೆ ಬೇರೆ ಬ್ಲಾಕ್ ಆರಿಸಿಕೊಳ್ಳುತ್ತೇವೆ. ರಕ್ತ ತೆಳುವಾಗಿಸುವ ಮಾತ್ರೆಗಳ ಹೆಸರೂ ಬರೆಯಿರಿ. ಅರ್ಧ ಕೂರಿಸಿದ ಭಂಗಿಯಲ್ಲಿ ಆಪರೇಷನ್ ಆಗುವುದರಿಂದ ತೋಳಿನ ಬಿಪಿಗಿಂತ ಮೆದುಳಿನ ಬಿಪಿ ಕಡಿಮೆ ಇರುತ್ತದೆ, 10 ಸೆಂ.ಮೀ. ಎತ್ತರಕ್ಕೆ ಸುಮಾರು 7.5 ಮಿ.ಮೀ. ಪಾದರಸದಷ್ಟು. ಬಿಪಿ ಹಿಡಿತದಲ್ಲಿಲ್ಲದವರನ್ನು ಆತುರದಲ್ಲಿ ಟೇಬಲ್ಲಿಗೆ ತರದಿರುವುದಕ್ಕೆ ಇದೇ ಕಾರಣ.

ಸಮುದಾಯ ಆರೋಗ್ಯ ಅಧಿಕಾರಿ, ಬಾಗೇಪಲ್ಲಿ

ಜೋಲಿ ಹಾಕಿ ಕಳಿಸಿದವರನ್ನು ಊರಲ್ಲಿ ನೋಡಿಕೊಳ್ಳುವವರು ನಾವು. ಎರಡು ಪ್ರಶ್ನೆ. ನಾಲ್ಕನೇ ದಿನಕ್ಕೆ ಮೊಣಕೈವರೆಗೆ, ಕೆಲವರಿಗೆ ಎದೆಯ ಪಕ್ಕಕ್ಕೂ ನೀಲಿ ಕಪ್ಪು ಹರಡುತ್ತದೆ, ಮನೆಯವರು ಹೆದರುತ್ತಾರೆ. ಇದು ಸಹಜವೇ? ನಾಟಿ ಕಟ್ಟು ಹಾಕಿಸಿಕೊಳ್ಳುತ್ತೇವೆ ಅಂದವರಿಗೆ ಏನು ಹೇಳಬೇಕು? "ಬೇಡ" ಅಂದರೆ ಹೇಳದೆ ಹೋಗುತ್ತಾರೆ.

ಫಿಸಿಯೊಥೆರಪಿಸ್ಟ್, ಚಿಂತಾಮಣಿ

ನೀಲಿ ಸಹಜ. ಮುರಿದ ಜಾಗದ ರಕ್ತ ಕೆಳಕ್ಕೆ ಇಳಿಯುತ್ತದೆ ಅಷ್ಟೇ, ಎರಡು ಮೂರು ವಾರದಲ್ಲಿ ಹಳದಿಯಾಗಿ ಹೋಗುತ್ತದೆ. ಬೆರಳು ಊದಿ ಬಿಗಿಯಾಗಿದ್ದರೆ, ಜೋಮು ಹೆಚ್ಚುತ್ತಿದ್ದರೆ ಮಾತ್ರ ಸಹಜವಲ್ಲ.

ಕಟ್ಟಿನ ಬಗ್ಗೆ ಕಾರಣ ಹೇಳಿದರೆ ಜನ ಕೇಳುತ್ತಾರೆ. ಮುಂಗೈ ಮುರಿದಾಗ ಬಿದಿರ ದಬ್ಬೆ ಮುರಿತದ ಮೇಲೂ ಕೆಳಗೂ ಹಿಡಿಯುತ್ತದೆ. ಇಲ್ಲಿ ಮುರಿತ ಇರುವುದು ಭುಜದ ಮಾಂಸದ ಒಳಗೆ, ಕೀಲಿನ ಪಕ್ಕದಲ್ಲಿ. ರಟ್ಟೆಗೆ ಸುತ್ತಿದ ಯಾವ ಕಟ್ಟೂ ಮೇಲಿನ ತುಂಡನ್ನು ಹಿಡಿಯುವುದೇ ಇಲ್ಲ, ಕೆಳಗಿನ ಊತವನ್ನು ಮಾತ್ರ ಬಿಗಿಯುತ್ತದೆ. ಚರ್ಮ ಬೊಬ್ಬೆ ಏಳುತ್ತದೆ. ಎಣ್ಣೆ ನೀವಿ ಎಳೆದರೆ ಕಚ್ಚಿಕೊಂಡು ಕೂತಿದ್ದ ಮುರಿತ ಬಿಡಿಸಿಕೊಳ್ಳುತ್ತದೆ. ಭಾರದ ಪ್ಲಾಸ್ಟರ್ ಹಾಕಿದರೂ ಅದೇ ತೊಂದರೆ, ತೂಕಕ್ಕೆ ತುಂಡುಗಳು ದೂರ ಸರಿಯುತ್ತವೆ. "ಕಟ್ಟಲಿಲ್ಲ ಅಂದರೆ ಚಿಕಿತ್ಸೆಯೇ ಆಗಲಿಲ್ಲ" ಅಂತ ಅಂದುಕೊಳ್ಳುವವರಿಗೆ ಈ ಒಂದು ವಿಷಯ ತಾಳ್ಮೆಯಿಂದ ಬಿಡಿಸಿ ಹೇಳಿ.

ಇನ್ನು ದಿನಚರಿ. ಫಲಿತಾಂಶ ನಿಲ್ಲುವುದೇ ಇದರ ಮೇಲೆ, ಹಾಗಾಗಿ ಉದ್ದ ಬರೆಯುತ್ತಿದ್ದೇನೆ.

ಮೊದಲ ದಿನದಿಂದ: ಜೋಲಿಯಲ್ಲಿ ಮುಂಗೈ ಮೊಣಕೈಗಿಂತ ಸ್ವಲ್ಪ ಮೇಲಿರಲಿ, ಮಣಿಕಟ್ಟು ಕೆಳಗೆ ಜೋತುಬೀಳಬಾರದು. ಮಲಗುವಾಗ ಬೆನ್ನಿಗೆ ಎರಡು ಮೂರು ದಿಂಬು ಕೊಟ್ಟು ಅರ್ಧ ಕೂತ ಭಂಗಿ, ಮೊಣಕೈ ಕೆಳಗೆ ಮಡಿಸಿದ ಟವೆಲ್, ಇಲ್ಲದಿದ್ದರೆ ತೋಳು ಹಿಂದಕ್ಕೆ ಬಿದ್ದು ರಾತ್ರಿಯೆಲ್ಲ ನೋವು. ಮೊದಲ ಎರಡು ಮೂರು ವಾರ ಚಪ್ಪಟೆ ಮಲಗುವುದು ಆಗುವುದಿಲ್ಲ ಅಂತ ಮೊದಲೇ ತಿಳಿಸಿ. ಬೆರಳು, ಮಣಿಕಟ್ಟು, ಮೊಣಕೈ ಆಡಿಸುವುದು ಗಂಟೆಗೊಮ್ಮೆ ಹತ್ತು ಸಲ. ಬಳೆ, ಉಂಗುರ ಮೊದಲ ದಿನವೇ ತೆಗೆಸಿ. ಕಂಕುಳು ಬೆವರಿ ಹುಣ್ಣಾಗುತ್ತದೆ: ಸ್ನಾನದ ಹೊತ್ತಲ್ಲಿ ಜೋಲಿ ಬಿಚ್ಚಿ, ಮುಂದಕ್ಕೆ ಬಾಗಿ ಕೈಯನ್ನು ಸಡಿಲ ಬಿಟ್ಟರೆ ಕಂಕುಳು ತಾನೇ ತೆರೆದುಕೊಳ್ಳುತ್ತದೆ. ತೊಳೆದು, ಒಣಗಿಸಿ, ಹತ್ತಿ ಬಟ್ಟೆ ಇಡಿ. ರವಿಕೆ ಹಾಕುವಾಗ ಪೆಟ್ಟಾದ ಕೈ ಮೊದಲು, ತೆಗೆಯುವಾಗ ಕೊನೆಗೆ.

7ರಿಂದ 10 ದಿನಕ್ಕೆ ಎಕ್ಸರೇ ಮತ್ತೆ. ಜಾಗ ಬದಲಾಗಿಲ್ಲದಿದ್ದರೆ ತೂಗಾಟದ ವ್ಯಾಯಾಮ: ಇನ್ನೊಂದು ಕೈಯಲ್ಲಿ ಮೇಜು ಹಿಡಿದು ಸೊಂಟದಿಂದ ಬಾಗಿ, ಕೈಯನ್ನು ಜೋತುಬಿಟ್ಟು, ಮೈಯನ್ನು ಅಲುಗಿಸಿ ಕೈ ತಾನಾಗೇ ತೂಗುವ ಹಾಗೆ. ಕೈಯ ಬಲದಿಂದ ಬೀಸುವುದಲ್ಲ. ದಿನಕ್ಕೆ ನಾಲ್ಕು ಸಲ, ಒಂದೆರಡು ನಿಮಿಷ.

3ನೇ ವಾರದಿಂದ ಒಳ್ಳೆಯ ಕೈಯ ಆಸರೆಯಲ್ಲಿ ಎತ್ತುವುದು. ಮಲಗಿಕೊಂಡು ಎರಡೂ ಕೈಯಲ್ಲಿ ಕೋಲು ಹಿಡಿದು ಒಳ್ಳೆಯ ಕೈ ಎತ್ತಿದಷ್ಟು ಇದೂ ಹೋಗಲಿ. 6ನೇ ವಾರ ಎಕ್ಸರೇಯಲ್ಲಿ ಕೂಡಿಕೆ ಕಂಡರೆ ಜೋಲಿ ಪೂರ್ತಿ ತೆಗೆದು ಸ್ವಂತ ಬಲದಲ್ಲಿ ಎತ್ತುವುದು, ಗೋಡೆಯ ಮೇಲೆ ಬೆರಳು ನಡೆಸುವುದು. ಎಳೆಯುವ ರಬ್ಬರ್, ಭಾರ 10ರಿಂದ 12 ವಾರದ ಮೇಲೆ.

ಕೆಡುವುದು ಎರಡು ಕಡೆಯಿಂದ. ಆರು ವಾರ ಅಲ್ಲಾಡಿಸದೆ ಇಟ್ಟುಕೊಂಡವರ ಕೀಲು ಬಿಗಿದುಹೋಗಿರುತ್ತದೆ, ಬೆರಳೂ ಮಡಿಚುವುದಿಲ್ಲ. ಎರಡನೇ ವಾರಕ್ಕೇ ಬಿಂದಿಗೆ ಎತ್ತಿದವರ ಮುರಿತ ಸರಿದಿರುತ್ತದೆ. ಮೊದಲನೆಯವರೇ ಹೆಚ್ಚು.

ಭುಜದ ಶಸ್ತ್ರಚಿಕಿತ್ಸಕ, ಚಿಕ್ಕಬಳ್ಳಾಪುರ

7ನೇ ದಿನಕ್ಕೇ ತೂಗಾಟ ಎಲ್ಲರಿಗೂ ಬೇಡ. ಕಚ್ಚಿಕೊಂಡ ಮುರಿತಕ್ಕೆ ಸರಿ. ಅಲುಗಾಡುವುದಕ್ಕೆ ಎರಡು ಮೂರು ವಾರ ಕಾಯಬೇಕು.

ಫಿಸಿಯೊಥೆರಪಿಸ್ಟ್, ಚಿಂತಾಮಣಿ

ನಿಜ ಸರ್, ಅದನ್ನು ಸೇರಿಸಬೇಕಿತ್ತು. ಕೈಯಿಂದಲೇ ತಿಳಿಯುವ ಪರೀಕ್ಷೆ ಇದೆ: ಒಂದು ಕೈಯ ಬೆರಳು ತೋಳಮೂಳೆಯ ತಲೆಯ ಮೇಲೆ, ಇನ್ನೊಂದು ಕೈಯಲ್ಲಿ ಮೊಣಕೈ ಹಿಡಿದು ಬಹಳ ಮೆಲ್ಲಗೆ ಒಳಕ್ಕೆ ಹೊರಕ್ಕೆ ತಿರುಗಿಸುವುದು. ತಲೆಯೂ ದಂಡವೂ ಒಟ್ಟಿಗೆ ತಿರುಗಿದರೆ ಶುರುಮಾಡಬಹುದು. ಕೆಳಗೆ ತಿರುಗಿ ಮೇಲೆ ಸುಮ್ಮನಿದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡುವುದು.

ತಾಲ್ಲೂಕು ವೈದ್ಯ, ಪಾವಗಡ

ಎರಡನೇ ಎಕ್ಸರೇಯಲ್ಲಿ ತಲೆ ಬಟ್ಟಲಿನಿಂದ ಕೆಳಕ್ಕೆ ಜಾರಿದ ಹಾಗೆ ಕಂಡರೆ? ಕೀಲು ತಪ್ಪಿದೆ ಅಂತ ವರದಿ ಬರುತ್ತದೆ.

ಮೂಳೆ ತಜ್ಞೆ, ತುಮಕೂರು

ಕಂಕುಳ ನೋಟದಲ್ಲಿ ತಲೆ ಬಟ್ಟಲಿನ ಎದುರೇ ಇದ್ದರೆ ಅದು ತಪ್ಪಿದ್ದಲ್ಲ. ಕೀಲಿನೊಳಗೆ ರಕ್ತ ತುಂಬಿ, ಡೆಲ್ಟಾಯ್ಡ್ ಸುಸ್ತಾಗಿ ಜೋತುಬಿದ್ದಿರುತ್ತದೆ. ಎಳೆದು ಕೂರಿಸಲು ಹೋಗಬೇಡಿ. ಜೋಲಿಯಲ್ಲಿ ಮೊಣಕೈಗೆ ಆಸರೆ ಚೆನ್ನಾಗಿ ಕೊಟ್ಟು, ಡೆಲ್ಟಾಯ್ಡನ್ನು ಅಲುಗದೆ ಬಿಗಿಮಾಡಿ ಬಿಡುವ ವ್ಯಾಯಾಮ ಹೇಳಿ. ಕೆಲವು ವಾರದಲ್ಲಿ ಮೇಲೇರುತ್ತದೆ. ಏರದಿದ್ದರೆ, ಆರು ವಾರವಾದರೂ ಸ್ನಾಯು ಗಟ್ಟಿಯಾಗದಿದ್ದರೆ ನರದ ಪರೀಕ್ಷೆಗೆ ಕಳಿಸಿ.

ನೋವಿಗೆ ವಯಸ್ಸಾದವರಲ್ಲಿ ಪ್ಯಾರಾಸಿಟಮಾಲ್ ಹೊತ್ತುಹೊತ್ತಿಗೆ, ದಿನಕ್ಕೆ 3 ಗ್ರಾಂ ಮೀರದಂತೆ. ಡೈಕ್ಲೋಫಿನಾಕ್ ತರಹದವು ಕಿಡ್ನಿ ನೋಡಿಕೊಂಡು ಕೆಲವೇ ದಿನ. ಟ್ರಮಡಾಲ್ ಕೊಟ್ಟರೆ ತಲೆ ಸುತ್ತಿ ಮತ್ತೆ ಬೀಳುತ್ತಾರೆ, ರಾತ್ರಿ ಎದ್ದಾಗ ಜೊತೆಗೊಬ್ಬರು ಇರಲಿ.

ಮಕ್ಕಳ ಬಗ್ಗೆ ಒಂದೇ ಮಾತು: ತೋಳಮೂಳೆಯ ಬೆಳವಣಿಗೆಯ ಸುಮಾರು ಶೇ. 80 ಭಾಗ ಮೇಲ್ತುದಿಯಿಂದಲೇ ಆಗುತ್ತದೆ. ಹತ್ತರ ಒಳಗಿನ ಮಗುವಿಗೆ ಫಿಲ್ಮಿನಲ್ಲಿ ಭಯವಾಗುವಷ್ಟು ಓರೆ ಕಂಡರೂ ಬೆಳೆಯುತ್ತಾ ನೆಟ್ಟಗಾಗುತ್ತದೆ, ಜೋಲಿ ಸಾಕು. ಹರೆಯದವರಿಗೆ ಆ ಅವಕಾಶ ಕಡಿಮೆ.

ಆರೋಗ್ಯಮಿತ್ರ, ತುಮಕೂರು

ಖರ್ಚಿನ ವಿಷಯ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಭಾಗ, ವರ್ಷಕ್ಕೆ 1.5 ಲಕ್ಷ ಮಿತಿ. ತುರ್ತಲ್ಲದ ಕೇಸಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ತನ್ನಿ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ದಾಖಲಾಗುವ ಮೊದಲೇ ಆ ಆಸ್ಪತ್ರೆಯಲ್ಲಿ ಆ ಆಪರೇಷನ್‌ಗೆ ಮಂಜೂರಾತಿ ಸಿಗುತ್ತದೆಯೇ, ಇಂಪ್ಲಾಂಟ್ ಅದರಲ್ಲೇ ಬರುತ್ತದೆಯೇ ಕೇಳಿ. ಅಡ್ಮಿಟ್ ಆದ ಮೇಲೆ ಕೇಳಿದರೆ ತಡವಾಗುತ್ತದೆ, ಎರಡು ವಾರದ ಗಡಿ ಅಲ್ಲೇ ದಾಟಿಹೋಗುತ್ತದೆ.

ಮೂಳೆ ತಜ್ಞೆ, ತುಮಕೂರು

ನಮ್ಮ ಮೂರು ಜಿಲ್ಲೆಗೆ ಸೇರಿದ ಒಂದು ವಿಷಯ ಯಾರೂ ಎತ್ತಲಿಲ್ಲ. ಪಾವಗಡ, ಶಿರಾ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಆಳದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿ.ಗ್ರಾಂ., ಬೇರೆ ಮೂಲ ಇಲ್ಲದಿದ್ದರೆ 1.5. ಅದಕ್ಕಿಂತ ಹೆಚ್ಚಿನ ನೀರನ್ನು ದಶಕಗಟ್ಟಲೆ ಕುಡಿದವರ ಮೂಳೆ ಎಕ್ಸರೇಯಲ್ಲಿ ಬೆಳ್ಳಗೆ ದಟ್ಟವಾಗಿ ಕಾಣುತ್ತದೆ, ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲೂ ಅಂಕ ಚೆನ್ನಾಗಿ ಬರುತ್ತದೆ. ಆದರೆ ಅದು ಗಟ್ಟಿ ಮೂಳೆಯಲ್ಲ, ಪೆಡಸು ಮೂಳೆ. "ಸಾಂದ್ರತೆ ಚೆನ್ನಾಗಿದೆ" ಅಂತ ನಂಬಿ ಚಿಕಿತ್ಸೆ ಬಿಟ್ಟುಬಿಡಬೇಡಿ. ಕೀಲಿನ ಸುತ್ತಲ ಕಟ್ಟುಗಳೂ ಸುಣ್ಣಗಟ್ಟಿರುವುದರಿಂದ ಮುರಿತಕ್ಕೆ ಮೊದಲೇ ಅವರ ಭುಜ ಬಿಗಿ. ಹಾಗಾಗಿ ಮುರಿಯುವ ಮುಂಚೆ ಕೈ ಎಷ್ಟು ಎತ್ತುತ್ತಿದ್ದರು, ಜಡೆ ಹಾಕಿಕೊಳ್ಳುತ್ತಿದ್ದರೇ ಅಂತ ಕೇಳಿಕೊಳ್ಳಿ. ಇನ್ನೊಂದು ಭುಜ ಎತ್ತಿಸಿ ನೋಡಿದರೂ ತಿಳಿಯುತ್ತದೆ. ಗುರಿ ಅಷ್ಟಕ್ಕೇ ಇಡಿ, ಬಲವಂತವಾಗಿ ಎಳೆಯಬೇಡಿ.

ನಿಂತ ಎತ್ತರದಿಂದ ಬಿದ್ದು ಇಲ್ಲಿ ಮುರಿದರೆ ಅದು ಮೂಳೆ ಸವೆತದ ಮುರಿತ ಅಂತಲೇ ಹಿಡಿಯಬೇಕು, ಮುಂದೆ ಸೊಂಟ ಮುರಿಯುವ ಸಾಧ್ಯತೆ ಇರುವವರು ಇವರು. ವಿಟಮಿನ್ ಡಿ, ಕ್ಯಾಲ್ಸಿಯಂ, ಥೈರಾಯ್ಡ್, ಕ್ರಿಯಾಟಿನಿನ್ ನೋಡಿ. ಕ್ಯಾಲ್ಸಿಯಂ ದಿನಕ್ಕೆ ಆಹಾರವೂ ಸೇರಿ 1000ದಿಂದ 1200 ಮಿ.ಗ್ರಾಂ. ಬೇಕು. 100 ಗ್ರಾಂ ರಾಗಿಯಲ್ಲೇ 350ರ ಹತ್ತಿರ ಇದೆ, ಮುದ್ದೆ ಬಿಡಿಸಬೇಡಿ. ಮೂಳೆ ಸವೆತದ ಔಷಧಿ ವಾರಕ್ಕೊಮ್ಮೆ ಅಲೆಂಡ್ರೋನೇಟ್ 70 ಮಿ.ಗ್ರಾಂ., ಅಥವಾ ವರ್ಷಕ್ಕೊಮ್ಮೆ ಝೋಲೆಡ್ರೋನಿಕ್ ಆಮ್ಲ 5 ಮಿ.ಗ್ರಾಂ., ಕಿಡ್ನಿ ಸರಿಯಿದ್ದು ವಿಟಮಿನ್ ಡಿ ತುಂಬಿಸಿದ ಮೇಲೆ. ಫ್ಲೋರೈಡ್ ಅನುಮಾನ ಇದ್ದರೆ ಇದನ್ನು ಶುರುಮಾಡುವ ಮುನ್ನ ತಜ್ಞರನ್ನು ಕೇಳಿ.

ಸಮುದಾಯ ಆರೋಗ್ಯ ಅಧಿಕಾರಿ, ಬಾಗೇಪಲ್ಲಿ

ಮೇಡಂ, ಜೋಲಿಯಲ್ಲೇ ಬಿಟ್ಟವರಲ್ಲಿ ಕೂಡಿಲ್ಲ ಅಂತ ಯಾವಾಗ ಹೇಳುವುದು? ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ, ಹಾಲು ಕರೆಯುವುದು ಯಾವಾಗಿನಿಂದ?

ಮೂಳೆ ತಜ್ಞೆ, ತುಮಕೂರು

12 ವಾರಕ್ಕೆ ಎಕ್ಸರೇಯಲ್ಲಿ ಮೂಳೆಯ ಸೇತುವೆ ಕಾಣದೆ, ಕೈ ಆಡಿಸಿದಾಗ ಮುರಿದ ಜಾಗದಲ್ಲೇ ನೋವಿದ್ದರೆ ಮತ್ತೆ ತೋರಿಸಬೇಕು, ಆರು ತಿಂಗಳಿಗೆ ಕೂಡಿಲ್ಲ ಅಂತಲೇ ತೀರ್ಮಾನ. ಬೀಡಿ ಸೇದುವವರಲ್ಲಿ ಹೆಚ್ಚು, ಮೊದಲ ದಿನವೇ ಬಿಡಿಸಿ.

ಫಿಸಿಯೊಥೆರಪಿಸ್ಟ್, ಚಿಂತಾಮಣಿ

ಹಾಲು ಕರೆಯುವ ಕೆಲಸ ಕೂಡಿಕೆ ಕಂಡ ಮೇಲೆ 8ನೇ ವಾರದಿಂದ ಆಗಬಹುದು, ಮೊಣಕೈ ಮೈಗೆ ತಾಗಿಸಿಕೊಂಡು, ಸಾಧುವಾದ ಹಸು ಒಂದನ್ನು ಮಾತ್ರ. ಕೊಟ್ಟಿಗೆಯಿಂದ ಹಸು ಬಿಚ್ಚಿ ಹಗ್ಗ ಹಿಡಿಯುವುದು ಬೇರೆ ವಿಷಯ. ಒಂದು ಜಗ್ಗಿಗೆ ಪೂರ್ತಿ ಭಾರ ಭುಜದ ಮೇಲೆ ಬೀಳುತ್ತದೆ. ಅದನ್ನು ಮೂರು ತಿಂಗಳು ಮನೆಯಲ್ಲಿ ಬೇರೆ ಯಾರಾದರೂ ಮಾಡಲಿ, ಆಮೇಲೂ ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ ಹಿಡಿಯಲಿ.